ಕಲ್ಲಾದ ಮುಳ್ಳುಚೆಂಡು

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಚೀಲದಲ್ಲಿ ಭೂತಗನ್ನಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಸಣ್ಣ ಸುತ್ತಿಗೆ ಇವುಗಳನ್ನಿಟ್ಟುಕೊಂಡು ತಿರುಗುವುದು ನಮ್ಮ ಉಡುಪಿಯ ಪರಿಚಿತರಿಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ನಾನು ಅರಸುವುದು ಕಲ್ಲಾಗಿ ಹೋದ ಒಂದು ಕಡಲ ಪ್ರಾಣಿಯನ್ನು. ಇಂಗ್ಲಿಷಿನಲ್ಲಿ ಅದಕ್ಕೆ ಸೀ ಅರ್ಚಿನ್ ಎಂದು ಹೆಸರು. ಅರ್ಚಿನ್ ಎಂದರೆ ಆ ಭಾಷೆಯ ಹಳೆಯ ಮಾತಿನಲ್ಲಿ ಮೈತುಂಬ ಮುಳ್ಳಿರುವ, ಚೆಂಡಿನಂತೆ ಮುದುಡಿಕೊಳ್ಳುವ ಒಂದು ಪುಟ್ಟ ಪ್ರಾಣಿ. ಗ್ರೀಕರೂ ತಮ್ಮ ಎಖಿನೋಸ್ ಎಂಬ ಒಂದೇ ಶಬ್ದವನ್ನು ನೆಲದ ಆ ಪ್ರಾಣಿಗೂ ಕಡಲಿನ ಈ ಪ್ರಾಣಿಗೂ ಬಳಸಿದರು. ಕನ್ನಡದಲ್ಲಿ ಇದನ್ನು ಕಡಲ ಮುಳ್ಳುಹಂದಿ ಎಂದವರಿದ್ದಾರೆ. ಆದರೆ ಮುಳ್ಳುಹಂದಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಗೆಣಸಿನ ಗದ್ದೆಯನ್ನು ಅಗೆದು ಹಾಳುಮಾಡುವ ಆ ದೊಡ್ಡ ಜಂತು. ಅಂಗೈಯಲ್ಲಿ ಅಡಗುವ ಈ ಜೀವಕ್ಕೆ ಆ ಹೆಸರು ಭಾರವಾಯಿತೆಂದು ನನ್ನ ಅಭಿಪ್ರಾಯ. ಆದುದರಿಂದ ಈ ಭಾಷಣದ ಮಟ್ಟಿಗೆ ಇದನ್ನು ಮುಳ್ಳುಚೆಂಡು ಎಂದು ಕರೆಯಲು ಕೇಳುಗರ ಅಪ್ಪಣೆ ಬೇಡುತ್ತೇನೆ.

ಮೊದಲಿಗೇ ಒಂದು ಅರಿಕೆ. ಕಲ್ಲಾದ ಮುಳ್ಳುಚೆಂಡು ನಮ್ಮ ಜಿಲ್ಲೆಯಲ್ಲಿ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬುದು ಸಿಗುವುದರಷ್ಟೇ ಸ್ವಾರಸ್ಯವಾದ ಸಂಗತಿ. ಕಾರ್ಕಳದ ಬಂಡೆಯನ್ನು ನೋಡಿ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಬಾಹುಬಲಿ ನಿಂತಿರುವುದು ಅಂಥ ಬಂಡೆಯ ಮೇಲೆ. ನಮ್ಮ ನಾಡಿನ ಬುಡದಲ್ಲಿರುವ ಈ ಜಾತಿಯ ಶಿಲೆಗಳು ನೆಲದಾಳದ ಕಾವಿನಲ್ಲಿ ಬೆಂದು ಗಟ್ಟಿಯಾದವು. ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನವು. ಮುಳ್ಳುಚೆಂಡುಗಳ ಕುಲ ಭೂಮಿಯಲ್ಲಿ ತಲೆದೋರಿದ್ದು ಸುಮಾರು 45 ಕೋಟಿ ವರ್ಷಗಳ ಹಿಂದೆ. ಹುಟ್ಟದ ಮಗುವಿನ ಹೆಜ್ಜೆಗುರುತನ್ನು ಆ ಬಂಡೆಯಲ್ಲಿ ಅರಸಿದರೆ ಸಿಕ್ಕೀತು ಹೇಗೆ? ಮಣಿಪಾಲದ ಗುಡ್ಡವಾದರೋ ಮುರಕಲ್ಲಿನದು. ಹಿಂದೆ ಮಣ್ಣಪಳ್ಳವೆಂದು ಕರೆಸಿಕೊಂಡ ಆ ಊರಿನಲ್ಲಿ ಮನೆ ಕಟ್ಟುವವರೆಲ್ಲ ಬಲ್ಲ ಕಲ್ಲು ಅದು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ನಮ್ಮ ಮಳೆ ಶಿಲೆಯೊಳಗಿನ ಕರಗುವ ಅಂಶವನ್ನೆಲ್ಲ ತೊಳೆದೊಯ್ದು ಕಬ್ಬಿಣದ ಕಿಟ್ಟವನ್ನು ಮಾತ್ರ ಉಳಿಸಿದ ಮೇಲೆ ಆಗುವುದೇ ಮುರಕಲ್ಲು. ಅದರಲ್ಲಿ ಸುಣ್ಣದ ಚಿಪ್ಪು ಎಂದಾದರೂ ಇದ್ದಿದ್ದರೂ ಉಳಿಯುತ್ತಿರಲಿಲ್ಲ. ಉತ್ತರದ ಶಹಾಬಾದಿನಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ. ನಮ್ಮ ಎಷ್ಟೋ ಮನೆಗಳ ನೆಲಹಾಸು ಅದೇ. ಆದರೆ ಅದೂ ಪ್ರಾಣಿಗಳು ಮೈಮೇಲೆ ಚಿಪ್ಪು ಕಟ್ಟಿಕೊಳ್ಳಲು ಕಲಿಯುವುದಕ್ಕೆ ಮುಂಚೆಯೇ ತಳಗೂಡಿದ್ದು.

ಹೀಗಿದ್ದರೂ ನನ್ನ ಪಾಠಶಾಲೆ ಇಲ್ಲಿಯೇ ಇದ್ದಿತು. ಕಾಪುವಿನ ಕಡಲ ತೀರದಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆಗಳ ಬುಡದಲ್ಲಿ ಇಳಿತದ ಹೊತ್ತಿಗೆ ಹೋಗಿ ಕುಳಿತರೆ ಸತ್ತ ಪ್ರಾಣಿಯನ್ನು ಓದುವ ಮೊದಲು ಬದುಕಿದ ಪ್ರಾಣಿಯನ್ನು ನೋಡಬಹುದು. ಬಂಡೆಯ ಸಂದಿನಲ್ಲಿ ಕಪ್ಪು ಮುಳ್ಳುಗಳ ಒಂದು ಮುದ್ದೆ. ನೋಡುತ್ತ ಕುಳಿತಷ್ಟೂ ಹೊತ್ತು ಅದು ಅಲುಗುವುದಿಲ್ಲವೆಂದೇ ಅನಿಸುತ್ತದೆ. ತಾಳ್ಮೆಯಿದ್ದರೆ ಮುಳ್ಳುಗಳು ಒಂದೊಂದಾಗಿ ವಾಲುವುದೂ, ಅವುಗಳ ನಡುವೆ ದಾರದಂಥ ನಳಿಗಾಲುಗಳು ಚಾಚಿ ಕಲ್ಲನ್ನು ತಡವುವುದೂ ಕಣ್ಣಿಗೆ ಬೀಳುತ್ತದೆ. ಸತ್ತ ಮೇಲೆ ಮುಳ್ಳುಗಳು ಉದುರಿ ಹೋಗುತ್ತವೆ. ಉಳಿಯುವುದು ಹಗುರವಾದ ಒಂದು ಗೂಡು. ಮಲ್ಪೆಯಲ್ಲಿ ಬಲೆ ಕೊಡವುವಾಗ ಮೀನಿನೊಂದಿಗೆ ಇಂಥವು ಬಿದ್ದರೆ ಮೊಗವೀರ ಹುಡುಗರು ಕಾಲಿನಿಂದ ಅತ್ತ ಸರಿಸುತ್ತಾರೆ. ತಿನ್ನಲು ಮರುವಾಯಿ ಇರುವಾಗ ಈ ಮುಳ್ಳಿನ ಗೊಡವೆ ಅವರಿಗೇಕೆ?

ಆ ಗೂಡನ್ನು ಸಿಹಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು ನೋಡಬೇಕು. ಸುಣ್ಣದ ಚಿಕ್ಕ ಚಿಕ್ಕ ಫಲಕಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟಿದ ಗುಮ್ಮಟವದು. ಒಂದೊಂದು ಫಲಕದ ಮೇಲೂ ಗುಬುಟುಗಳು. ಒಂದೊಂದು ಗುಬುಟಿನ ಮೇಲೂ ಒಮ್ಮೆ ಒಂದೊಂದು ಮುಳ್ಳು ನಮ್ಮ ತೊಡೆಯ ಕೀಲಿನಂತೆ ಕುಳಿತು ತಿರುಗುತ್ತಿತ್ತು. ನೆತ್ತಿಯಿಂದ ಬುಡದವರೆಗೆ ಐದು ಜೋಡಿ ಸಾಲುಗಳಲ್ಲಿ ಸೂಜಿಮೊನೆಯಂಥ ರಂಧ್ರಗಳು. ನಳಿಗಾಲುಗಳು ಹೊರಬರುತ್ತಿದ್ದುದು ಅಲ್ಲಿಂದ. ಎಲ್ಲವೂ ಐದರ ಲೆಕ್ಕ. ದುಂಡಗಿನ ಜಾತಿಗಳಲ್ಲಿ ಬಾಯಿ ಕೆಳಗೆ, ಗುದದ್ವಾರ ನೆತ್ತಿಯಲ್ಲಿ. ಆ ಬಾಯಿಯೊಳಗೆ ಐದು ಹಲ್ಲುಗಳ ಒಂದು ಯಂತ್ರವಿದೆ. ಅರಿಸ್ಟಾಟಲನು ತನ್ನ ಪ್ರಾಣಿಶಾಸ್ತ್ರದ ಗ್ರಂಥದಲ್ಲಿ ಅದನ್ನು ಲಾಂದ್ರಕ್ಕೆ ಹೋಲಿಸಿದ್ದರಿಂದ ಇಂದಿಗೂ ವಿಜ್ಞಾನಿಗಳು ಅದನ್ನು ಅರಿಸ್ಟಾಟಲನ ಲಾಂದ್ರವೆಂದೇ ಕರೆಯುತ್ತಾರೆ. ಉಪಮೆಯೊಂದು ಎರಡು ಸಾವಿರ ವರ್ಷ ದಾಟಿ ಶಾಸ್ತ್ರದ ಪರಿಭಾಷೆಯಾದ ನಿದರ್ಶನಗಳು ಹೆಚ್ಚಿಲ್ಲ. ಅಲಂಕಾರಶಾಸ್ತ್ರ ಪಾಠ ಹೇಳಿದವನಿಗೆ ಇದು ಹೆಮ್ಮೆಯ ಸಂಗತಿ.

ಇನ್ನೊಂದು ಬಗೆಯವು ಮರಳಿನಲ್ಲಿ ಹೂತುಕೊಂಡು ಬದುಕುವಂಥವು. ಮರಳಿನೊಳಗೆ ಮುಂದೆ ಮುಂದೆ ಸಾಗಬೇಕಾದಾಗ ಮುಖ, ಬೆನ್ನು ಎಂಬ ಭೇದ ಹುಟ್ಟಿತು; ನೆತ್ತಿಯಲ್ಲಿದ್ದ ಗುದದ್ವಾರ ಹಿಂದಕ್ಕೆ ಸರಿಯಿತು; ಬೆನ್ನಿನ ಮೇಲಿನ ರಂಧ್ರಸಾಲುಗಳು ಐದೆಸಳಿನ ಹೂವಿನಂತೆ ಅರಳಿದವು. ಕಲ್ಲಾದವುಗಳನ್ನು ಗುರುತಿಸುವವನಿಗೆ ಮೊದಲ ಪಾಠ ಇದು: ಹಿಂದಿನ ದ್ವಾರ ಎಲ್ಲಿದೆ ಎಂದು ಮೊದಲು ನೋಡು. ಸಭ್ಯರ ಗೋಷ್ಠಿಯಲ್ಲಿ ಹೇಳುವ ಮಾತಲ್ಲ. ಆದರೆ ಅದನ್ನು ಬಿಟ್ಟರೆ ಶಾಸ್ತ್ರ ಮುಂದೆ ಹೋಗುವುದಿಲ್ಲ.

ಪಳೆಯುಳಿಕೆ ಎಂಬ ಮಾತನ್ನೇ ಕೇಳದ ನಮ್ಮ ಅಜ್ಜಿಯಂದಿರೂ ಪಳೆಯುಳಿಕೆಗಳನ್ನು ದಿನವೂ ಮುಟ್ಟಿ ತೊಳೆದವರು. ಉಡುಪಿಯ ರಥಬೀದಿಯ ಸುತ್ತಿನ ಮನೆಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ನೇಪಾಳದ ಗಂಡಕಿ ನದಿಯಿಂದ ಬಂದ ಶಿಲೆ. ಅದರೊಳಗಿನ ಚಕ್ರ ಅಮೊನೈಟ್ ಎಂಬ ಕಡಲ ಜೀವಿಯ ಸುರುಳಿ ಚಿಪ್ಪು. ಹಿಮಾಲಯವಿರುವಲ್ಲಿ ಒಮ್ಮೆ ಸಮುದ್ರವಿತ್ತು ಎಂಬುದಕ್ಕೆ ಅದು ಸಾಕ್ಷಿ. ಇದನ್ನು ಹೇಳಿದರೆ ಆಸ್ತಿಕರು ನೊಂದುಕೊಳ್ಳುತ್ತಾರೆಂಬ ಭಯ ನನಗಿಲ್ಲ. ಸಮುದ್ರಶಾಯಿಯಾದವನ ಗುರುತು ಸಮುದ್ರದ್ದೇ ಆದರೆ ಕೊರತೆಯೇನು? ಇಂಗ್ಲೆಂಡಿನ ಹಳ್ಳಿಗರೂ ಹೀಗೆಯೇ ಕಲ್ಲಾದ ಮುಳ್ಳುಚೆಂಡುಗಳನ್ನು ಯಕ್ಷಿಣಿಯ ರೊಟ್ಟಿಯೆಂದು ಕರೆದು, ಮನೆಯಲ್ಲಿ ಅನ್ನಕ್ಕೆ ಕೊರತೆಯಾಗದಿರಲೆಂದು ಇಟ್ಟುಕೊಳ್ಳುತ್ತಿದ್ದರು. ಅಲ್ಲಿನ ಡನ್‌ಸ್ಟಬಲ್ ಎಂಬ ಊರಿನ ಬಳಿಯ ದಿಬ್ಬದಲ್ಲಿ 1887ರಲ್ಲಿ ವರ್ದಿಂಗ್ಟನ್ ಸ್ಮಿತ್ ಎಂಬಾತ ಕಂಚಿನ ಯುಗದ ಒಂದು ಸಮಾಧಿಯನ್ನು ಅಗೆದಾಗ ಒಬ್ಬ ಹೆಂಗಸು, ಒಂದು ಮಗು, ಜೊತೆಗೆ ಕಲ್ಲಾದ ಮುಳ್ಳುಚೆಂಡುಗಳ ಒಂದು ರಾಶಿಯೇ ದೊರಕಿತು. ಯಾರು ಅವನ್ನು ಆಯ್ದು ತಂದರೋ, ಏನೆಂದು ಭಾವಿಸಿದರೋ. ಸಂಗ್ರಾಹಕರ ವಂಶ ಬಹಳ ಹಳೆಯದು ಎಂದಷ್ಟೇ ನಾನು ಹೇಳಬಲ್ಲೆ.

ನಮಗೆ ಹತ್ತಿರದಲ್ಲಿ ಇವು ದೊರಕುವ ಸ್ಥಳ ಪೂರ್ವಕ್ಕೆ, ತಮಿಳುನಾಡಿನಲ್ಲಿದೆ. ತಿರುಚಿರಾಪಳ್ಳಿಗೆ ಈಶಾನ್ಯದಲ್ಲಿ ಅರಿಯಲೂರಿನ ಸುತ್ತಿನ ಬಯಲು ಕ್ರಿಟೇಷಿಯಸ್ ಯುಗದಲ್ಲಿ ಕಡಲ ತಳವಾಗಿತ್ತು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು, ಮಡಗಾಸ್ಕರ್ ನಮ್ಮ ನೆಲದಿಂದ ಬಿರಿದು ದೂರವಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ಇಲ್ಲಿ ಪಶ್ಚಿಮದಲ್ಲಿ ನೆಲ ಬೆಂಕಿಯಾಗಿ ಒಡೆಯುತ್ತಿದ್ದಾಗ ಅಲ್ಲಿ ಪೂರ್ವದಲ್ಲಿ ಕಡಲು ಮೆಲ್ಲಗೆ ನೆಲದ ಮೇಲೇರಿ ಇಳಿದು ಕೆಸರನ್ನೂ ಚಿಪ್ಪುಗಳನ್ನೂ ಪದರಪದರವಾಗಿ ಇಡುತ್ತಿತ್ತು. ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಚಿತ್ರ ತೆಗೆಸಿಕೊಂಡು ಬರುವ ನಮ್ಮ ಮಕ್ಕಳಿಗೆ ಈ ಮಾತನ್ನು ಯಾರಾದರೂ ಹೇಳಬೇಕು.

ಅರಿಯಲೂರಿನ ಕಲ್ಲುಗಳ ಕಥೆಯನ್ನು ಆರಂಭಿಸಿದವರು ಹವ್ಯಾಸಿಗಳು. ಕೇ ಮತ್ತು ಕನ್‌ಲಿಫ್ ಎಂಬಿಬ್ಬರು ಮದರಾಸು ಸರಕಾರದ ಸಿವಿಲ್ ಅಧಿಕಾರಿಗಳು ತಮ್ಮ ಬಿಡುವಿನಲ್ಲಿ ಪುದುಚೇರಿ, ವೃದ್ಧಾಚಲ, ತಿರುಚಿರಾಪಳ್ಳಿಯ ಸುತ್ತಿನಲ್ಲಿ ಆಯ್ದ ಚಿಪ್ಪುಗಳನ್ನು ಲಂಡನ್ನಿಗೆ ಒಯ್ದರು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪಂಡಿತ ಅವುಗಳನ್ನು ವರ್ಣಿಸಿ ಹೆಸರಿಟ್ಟ. ಅನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಎಚ್. ಎಫ್. ಬ್ಲಾನ್‌ಫರ್ಡ್ ಆ ಪ್ರದೇಶವನ್ನು ಅಳೆದು, 1862ರ ವರದಿಯಲ್ಲಿ ಪದರಗಳನ್ನು ಊಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು ಎಂದು ಮೂರಾಗಿ ವಿಂಗಡಿಸಿದ. ಆ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ನನ್ನ ಮನಸ್ಸನ್ನು ಹಿಡಿದವನು ಫರ್ಡಿನಾಂಡ್ ಸ್ಟೋಲಿಜ್ಕ. ಮೊರಾವಿಯದಲ್ಲಿ 1838ರಲ್ಲಿ ಹುಟ್ಟಿ, 1862ರಲ್ಲಿ ಕಲಕತ್ತೆಗೆ ಬಂದ ಈತ ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಕ್ರಿಟೇಷಿಯಸ್ ಜೀವಿಗಳನ್ನು ಕುರಿತ ಬೃಹದ್ಗ್ರಂಥವನ್ನು ಮುಗಿಸಿದ. ಮುಳ್ಳುಚೆಂಡುಗಳನ್ನು ಕುರಿತ ಭಾಗ ಅಚ್ಚಾದದ್ದು 1873ರಲ್ಲಿ. ಮರುವರ್ಷ ಜೂನ್ ತಿಂಗಳಲ್ಲಿ, ಯಾರ್ಕಂಡಿಗೆ ಹೋಗಿದ್ದ ನಿಯೋಗದೊಂದಿಗೆ ಹಿಂದಿರುಗುತ್ತ, ಲಡಾಖಿನ ಎತ್ತರದಲ್ಲಿ ತೀರಿಕೊಂಡ. ಆಗ ವಯಸ್ಸು 36. ಅವನ ಗ್ರಂಥದ ಪುಟಗಳು ಈಗ ಗಣಕದ ಪರದೆಯ ಮೇಲೆ ಯಾರಿಗೂ ದೊರಕುತ್ತವೆ. ಚಿತ್ರಫಲಕಗಳನ್ನು ನೋಡುವಾಗ ಒಂದೊಂದು ಗುಬುಟನ್ನೂ ಬಿಡದೆ ಬರೆದ ಆ ಕೈಗಳ ತಾಳ್ಮೆಗೆ ತಲೆಬಾಗುತ್ತೇನೆ.

ನಾನು ಅಲ್ಲಿಗೆ ಹೋದದ್ದು ನಾಲ್ಕು ಬಾರಿ. ಮಂಗಳೂರಿನಿಂದ ರೈಲಿನಲ್ಲಿ ತಿರುಚಿರಾಪಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ. ಕಾರೈ ಎಂಬ ಹಳ್ಳಿಯ ಬಳಿ ನೆಲ ಮಳೆಗೆ ಕೊರೆದು ಕೊರಕಲು ಬಿದ್ದಿದೆ; ಹುಲ್ಲುಕಡ್ಡಿಯೂ ಅಪರೂಪ. ಅಲ್ಲಿ ಬಂದೂಕಿನ ಗುಂಡಿನಂಥ ಬೆಲೆಮ್ನೈಟುಗಳು ಕಾಲಕಾಲಿಗೆ ಸಿಗುತ್ತವೆ. ಮುಳ್ಳುಚೆಂಡು ಬೇಕಾದರೆ ಅರಿಯಲೂರಿನ ಪಕ್ಕದ ಕಲ್ಲಂಕುರಿಚ್ಚಿಗೇ ಹೋಗಬೇಕು. ಕಲಿಯುಗ ವರದರಾಜ ಪೆರುಮಾಳ್ ದೇವಸ್ಥಾನವಿರುವ ಊರು. ಸುಮಾರು 7 ಕೋಟಿ ವರ್ಷ ಹಿಂದಿನ ಸುಣ್ಣಗಲ್ಲನ್ನು ಸಿಮೆಂಟಿಗಾಗಿ ಅಗೆಯುವ ಗಣಿಗಳು ಅಲ್ಲಿವೆ. ಗಣಿ ಇಲ್ಲದಿದ್ದರೆ ನಮ್ಮಂಥವರಿಗೆ ಆ ಪದರ ಕಾಣುತ್ತಿರಲಿಲ್ಲ. ಗಣಿ ಇರುವುದರಿಂದಲೇ ಅದು ದಿನದಿನಕ್ಕೂ ಕುಲುಮೆಗೆ ಹೋಗುತ್ತಿದೆ. ನಾವು ಕಟ್ಟಿಸಿದ ಎಷ್ಟು ತಾರಸಿಗಳಲ್ಲಿ ಎಷ್ಟು ಮುಳ್ಳುಚೆಂಡುಗಳು ಪುಡಿಯಾಗಿ ಸೇರಿವೆಯೋ! ಅನುಮತಿ ಕೇಳಿಯೇ ಒಳಗೆ ಹೋಗಬೇಕು. ಕಡಿದ ಗೋಡೆಗೆ ಸುತ್ತಿಗೆ ಹಾಕಬಾರದು. ಬಿದ್ದ ಕಲ್ಲಿನ ರಾಶಿಯಲ್ಲಿ ಮಾತ್ರ ಆಯಬೇಕು. ಇದು ನಾನು ಹಾಕಿಕೊಂಡ ಕಟ್ಟಳೆ. ನೆತ್ತಿಯ ಮೇಲಿನ ಬಿಸಿಲಿಗಿಂತ ಸಂಜೆಯ ಓರೆ ಬಿಸಿಲು ಹುಡುಕಲು ಒಳ್ಳೆಯದು. ಶಾಸನ ಓದುವವರಿಗೆ ಈ ಗುಟ್ಟು ಗೊತ್ತಿದೆ. ಓರೆ ಬೆಳಕಿನಲ್ಲಿ ತೇಲಿಬರುವ ಅಕ್ಷರದಂತೆಯೇ ಎಸಳುಗಳ ಗೆರೆಯೂ ಕಲ್ಲಿನಿಂದ ಮೇಲೇಳುತ್ತದೆ.

ಅಲ್ಲಿ ಹೆಚ್ಚಾಗಿ ಸಿಗುವುದು ಸ್ಟಿಗ್ಮಟೋಪೈಗಸ್ ಎಲೇಟಸ್ ಎಂಬ ಜಾತಿ. ಎಲೇಟಸ್ ಎಂದರೆ ಲ್ಯಾಟಿನಿನಲ್ಲಿ ಎತ್ತರವಾದದ್ದು. ಹೆಸರಿಗೆ ತಕ್ಕಂತೆ ಉಬ್ಬಿ ನಿಂತ ಬೆನ್ನು, ಅದರ ಮೇಲೆ ಐದೆಸಳು. ಹಿಂದಿನ ದ್ವಾರವಾದರೋ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ, ಬೀಗದ ಕೈ ತೂರಿಸುವ ತೂತಿನ ಆಕಾರ. ತಿರುವಿ ನೋಡಿದರೆ ಬಾಯಿಯ ಸುತ್ತ ಇನ್ನೊಂದು ಪುಟ್ಟ ಹೂವು. ಈ ಮೂರು ಲಕ್ಷಣಗಳು ಕೂಡಿದ್ದರೆ ಗುರುತು ಬಹುಮಟ್ಟಿಗೆ ಗಟ್ಟಿ. ಆದರೆ ಕಲ್ಲು ಹೀಗೆ ಪೂರ್ತಿಯಾಗಿ ಸಿಗುವುದು ಅಪರೂಪ. ಅರ್ಧ ಮುರಿದದ್ದು, ಒತ್ತಡಕ್ಕೆ ಚಪ್ಪಟೆಯಾದದ್ದು, ಗೂಡೇ ಕರಗಿ ಒಳಗೆ ತುಂಬಿದ ಕೆಸರಿನ ಅಚ್ಚು ಮಾತ್ರ ಉಳಿದದ್ದು, ಹೀಗೆ. ಮುರಿದ ಅಂಚು ಹರಳಿನಂತೆ ನುಣುಪಾಗಿ ಮಿನುಗಿದರೆ ಸಂತೋಷಪಡಬೇಕು. ಮುಳ್ಳುಚೆಂಡಿನ ಒಂದೊಂದು ಫಲಕವೂ ಒಂದೊಂದು ಹರಳಿನಂತೆ ವರ್ತಿಸುವುದರಿಂದ ಚೂರನ್ನೂ ಅದರಿಂದ ಗುರುತಿಸಬಹುದು. ಶುಚಿಮಾಡುವುದಕ್ಕೆ ನೀರು, ಬ್ರಷ್ಷು, ಸೂಜಿ ಇಷ್ಟೇ ಸಾಧನ. ಹುಳಿಯನ್ನು ಹತ್ತಿರ ತರಬಾರದು. ಲಿಂಬೆರಸ, ವಿನೆಗರ್ ಮೊದಲಾದವು ಮಣ್ಣಿನ ಜೊತೆಗೆ ಗೂಡನ್ನೂ ತಿಂದುಬಿಡುತ್ತವೆ.

ತಾಳೆಗರಿಗಳ ಕೆಲಸ ಮಾಡಿದವನಿಗೆ ಇದೆಲ್ಲ ಹೊಸದೆನಿಸುವುದಿಲ್ಲ. ಹುಳು ತಿಂದ ಗರಿಯಲ್ಲಿ ಉಳಿದ ಎರಡು ಅಕ್ಷರದಿಂದ ಪದವನ್ನು ಊಹಿಸುವುದು, ಬೇರೆ ಪ್ರತಿಯ ಪಾಠದೊಂದಿಗೆ ಹೋಲಿಸುವುದು, ಊಹೆಯನ್ನು ಊಹೆಯೆಂದೇ ಕಂಸದಲ್ಲಿ ತೋರಿಸುವುದು, ಇವೆಲ್ಲ ನಮ್ಮ ಗ್ರಂಥಸಂಪಾದನೆಯ ವಿಧಿಗಳೇ. ಆದರೆ ಒಂದು ವ್ಯತ್ಯಾಸವಿದೆ. ಎಲ್ಲಿ ದೊರಕಿತೆಂದು ತಿಳಿಯದ ಓಲೆಯ ಕಾವ್ಯ ಕಾವ್ಯವಾಗಿಯೇ ಉಳಿಯುತ್ತದೆ. ಎಲ್ಲಿ, ಯಾವ ಪದರದಲ್ಲಿ, ಯಾವ ದಿನ ಸಿಕ್ಕಿತೆಂಬ ಚೀಟಿಯಿಲ್ಲದ ಪಳೆಯುಳಿಕೆ ಬರಿಯ ಚೆಲುವಾದ ಕಲ್ಲು. ಚೀಟಿ ಸುಳ್ಳು ಹೇಳಿದರಂತೂ ಅನರ್ಥ. 1989ರಲ್ಲಿ ಆಸ್ಟ್ರೇಲಿಯದ ಜಾನ್ ಟಾಲೆಂಟ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಕೇಳುಗರಲ್ಲಿ ಕೆಲವರು ನೆನೆದಾರು. ಹಿಮಾಲಯದವೆಂದು ನಮ್ಮ ದೇಶದ ವಿದ್ವಾಂಸರೊಬ್ಬರು ವರ್ಷಗಟ್ಟಲೆ ಪ್ರಕಟಿಸಿದ ಪಳೆಯುಳಿಕೆಗಳಲ್ಲಿ ಕೆಲವು ಮೊರಾಕ್ಕೊ ದೇಶದಲ್ಲಿ ಮಾರಾಟಕ್ಕೆ ಸಿಗುವಂಥವೆಂದು ಆತ ಆಪಾದಿಸಿದ. ಅದರಿಂದ ಹಿಮಾಲಯದ ಭೂಚರಿತ್ರೆಯ ಎಷ್ಟೋ ಪುಟಗಳನ್ನು ಮತ್ತೆ ಪರೀಕ್ಷಿಸಬೇಕಾಯಿತು.

ಇಂಥ ಒಂದು ಪ್ರಸಂಗ ಸಣ್ಣ ಪ್ರಮಾಣದಲ್ಲಿ ನನ್ನ ಮನೆಯ ಜಗಲಿಗೂ ಬಂದಿತು. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ಕಾರ್ಕಳದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಹೈಸ್ಕೂಲಿನಲ್ಲಿ ಉಪಾಧ್ಯಾಯ. ಕರವಸ್ತ್ರದಲ್ಲಿ ಸುತ್ತಿದ ಒಂದು ಕಲ್ಲನ್ನು ಮೇಜಿನ ಮೇಲಿಟ್ಟ. “ನಮ್ಮ ಹಿತ್ತಿಲಲ್ಲಿ ಮಣ್ಣು ತೆಗೆಯುವಾಗ ಸಿಕ್ಕಿತು ಸಾರ್. ನೀವು ತೋರಿಸುತ್ತಿದ್ದಿರಲ್ಲ, ಅದೇ.” ಅದೇ ಆಗಿತ್ತು. ಉಬ್ಬಿದ ಬೆನ್ನು, ಐದೆಸಳು. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಕಾರ್ಕಳದಲ್ಲಿ ಕಡಲಿತ್ತೆಂದು ಸಾಧಿಸಿದ ಮೊದಲಿಗನಾಗುವ ಸುಖ ಸಾಧಾರಣವೇ? ಪತ್ರಿಕೆಯ ಬಾತ್ಮೀದಾರರಿಗೂ ಹೇಳಿಯಾಗಿತ್ತು. ಪ್ರಾಧ್ಯಾಪಕರು ಹೌದೆಂದರೆ ಭಾನುವಾರದ ಸಂಚಿಕೆಗೆ ಚಿತ್ರ ಸಹಿತ ಬರುವುದಿತ್ತು.

ನಾನು ಕಲ್ಲನ್ನು ಒಂದು ವಾರ ಇಟ್ಟುಕೊಂಡೆ. ಹಿಂದಿನ ದ್ವಾರ ಬೀಗದ ತೂತಿನಂತೆಯೇ ಇತ್ತು. ಬಾಯಿಯ ಗುಳಿಯಲ್ಲಿ ಹಳದಿ ಬಣ್ಣದ ಸುಣ್ಣಗಲ್ಲಿನ ಕಣಗಳು, ಅದರ ನಡುವೆ ಸಿಂಪಿಯ ಒಂದು ಚೂರು. ಅಂಥ ಕಲ್ಲು ಕಾರ್ಕಳದಲ್ಲಿ ಇಲ್ಲ. ಇನ್ನೊಂದು ಸಂಗತಿ: ಬೆನ್ನಿನ ಒಂದು ಕಡೆ ಗುಬುಟುಗಳು ಸವೆದು ನುಣುಪಾಗಿದ್ದವು, ಬಹಳ ಕಾಲ ಕೈಯಾಡಿದ ವಸ್ತುವಿನಂತೆ, ಎಸಳಿನ ಗೆರೆಯಲ್ಲಿ ಕೆಂಪಗೆ ಏನೋ ಉಳಿದಿತ್ತು. ಸೂಜಿಯ ಮೊನೆಯಿಂದ ತೆಗೆದು ಬಿಳಿಯ ಕಾಗದದ ಮೇಲೆ ಒರಸಿದೆ. ಕುಂಕುಮ.

ಅವನನ್ನು ಕರೆಸಿ, ಹಿತ್ತಿಲಿನ ಆ ಮಣ್ಣು ಎಲ್ಲಿಯದೆಂದು ಕೇಳಿದೆ. ಹಳೆಯ ಮನೆ ಕೆಡವಿದಾಗ ಅಂಗಳದ ಮಣ್ಣನ್ನು ಹಿಂದಕ್ಕೆ ಎಳೆದದ್ದು ಎಂದ. ಹಾಗಾದರೆ ತಾಯಿಯವರನ್ನು ಒಮ್ಮೆ ಕೇಳೋಣ ಎಂದೆ. ಅವನಿಗೆ ಮನಸ್ಸಿರಲಿಲ್ಲ. “ಸಾರ್, ನಿಮ್ಮ ಒಂದು ಮಾತು ಸಾಕು. ಯಾರು ಬಂದು ನೋಡುತ್ತಾರೆ?” ಎಂದ. ಕೆಟ್ಟ ಹುಡುಗನಲ್ಲ. ತನ್ನ ಊರಿಗೊಂದು ಕಡಲು ಬೇಕಾಗಿತ್ತು, ಅಷ್ಟೆ. ಆದರೆ ಅವನೇ ತನ್ನ ಮಕ್ಕಳಿಗೆ ಪಾಠ ಹೇಳುವವನು. ಈ ಒಂದು ಮಾತು ಅಚ್ಚಾದರೆ ಹತ್ತು ವರ್ಷದ ಮೇಲೆ ಯಾವನೋ ಸಂಶೋಧಕ ಅದನ್ನು ನಂಬಿ ಕಾರ್ಕಳದ ಗುಡ್ಡಗಳಲ್ಲಿ ಅಲೆಯುವಂತಾದೀತು. ನಾನು ಒಪ್ಪಲಿಲ್ಲ.

ಕಾರ್ಕಳಕ್ಕೆ ಹೋದೆವು. ತಾಯಿ ಕಲ್ಲನ್ನು ನೋಡಿದೊಡನೆ ಎರಡೂ ಕೈಯಲ್ಲಿ ತೆಗೆದುಕೊಂಡರು. “ಇದು ಇವನ ಅಪ್ಪ ತಂದದ್ದಲ್ಲವಾ ಮಾಸ್ಟ್ರೇ. ಲಾರಿಯಲ್ಲಿ ಹೋಗುತ್ತಿದ್ದರಲ್ಲ, ತಮಿಳರ ಕಡೆಗೆ. ಹೂವಿನ ಕಲ್ಲು ಅಂತ ತಂದಿದ್ದರು. ತುಳಸಿಕಟ್ಟೆಯಲ್ಲಿ ಇಟ್ಟಿದ್ದೆ. ಕಟ್ಟೆ ತೆಗೆದಾಗ ಹೋಯಿತು ಅಂತ ಮಾಡಿದ್ದೆ.” ಯಾವ ಊರು, ಯಾವ ವರ್ಷ ಎಂದು ನಾನು ಕೇಳಿದೆ. ಊರು ನೆನಪಿಲ್ಲ, ದೊಡ್ಡ ಮಗಳು ಹುಟ್ಟಿದ ಆಚೆಗೋ ಈಚೆಗೋ ಎಂದರು. ಆತ ತೀರಿಕೊಂಡು ಬಹಳ ಕಾಲವಾಗಿತ್ತು. ಮಗನಿಗೆ ಆಗ ಏಳೋ ಎಂಟೋ ವರ್ಷ. ಅಪ್ಪನ ಲಾರಿಯಲ್ಲಿ ಅಂಥದೊಂದು ಕಲ್ಲು ಬಂದಿತ್ತೆಂಬುದೇ ಅವನಿಗೆ ತಿಳಿದಿರಲಿಲ್ಲ. ಅವನು ಏನೂ ಮಾತಾಡದೆ ಹೊರಗೆ ಹೋಗಿ ಬಾವಿಯ ಹತ್ತಿರ ನಿಂತ. ಬಾತ್ಮೀದಾರರಿಗೆ ಆ ಸಂಜೆಯೇ ಫೋನು ಮಾಡಿ ಬೇಡವೆಂದು ಹೇಳಿದನಂತೆ. ನನ್ನ ಮನೆಯ ಕಡೆಗೆ ಅವನು ಬರಲು ಮತ್ತೆ ಒಂದು ವರ್ಷ ಹಿಡಿಯಿತು.

ನನ್ನ ದಾಖಲೆ ಪುಸ್ತಕದಲ್ಲಿ ಆ ಕಲ್ಲಿಗೆ 64ನೆಯ ಸಂಖ್ಯೆ ಕೊಟ್ಟಿದ್ದೇನೆ. ಜಾತಿ: ಸ್ಟಿಗ್ಮಟೋಪೈಗಸ್ ಎಲೇಟಸ್. ದೊರೆತ ಸ್ಥಳ: ತಿಳಿಯದು, ಅಂಟಿಕೊಂಡ ಶಿಲೆ ಕಲ್ಲಂಕುರಿಚ್ಚಿಯದನ್ನು ಹೋಲುತ್ತದೆ. ತಂದವರು: ಕಾರ್ಕಳದ ಒಬ್ಬ ಲಾರಿ ಚಾಲಕರು. ಕಾಲ: ಹಿರಿಯ ಮಗಳು ಹುಟ್ಟಿದ ಸುಮಾರಿಗೆ. ಪೆಟ್ಟಿಗೆಯಲ್ಲಿ ಆ ಸಂಖ್ಯೆಯ ಮನೆ ಖಾಲಿಯಿದೆ, ಚೀಟಿ ಮಾತ್ರ ಇದೆ. ಹೊಸ ಮನೆಯ ಎದುರಿಗೆ ಈಗ ಹೊಸ ತುಳಸಿಕಟ್ಟೆ ಕಟ್ಟಿಸಿದ್ದಾರೆ, ಕಲ್ಲು ಅಲ್ಲಿದೆ. ಕುಂಕುಮ ಹಚ್ಚಿ, ಆದರೆ ನೀರು ಹೊಯ್ಯುವಾಗ ಹುಳಿ ಹಾಕಿ ಉಜ್ಜಬೇಡಿ ಎಂದು ನಾನು ಹೇಳಿ ಬಂದಿದ್ದೇನೆ.